ಶಾಖಾ ಮಾರ್ಗದ ಒಂದು ಗಾಡಿಗಾಗಿ: ರೈಲು ಬಳಕೆದಾರರ ಸಂಘ ಏನನ್ನು ಕೇಳಬೇಕು, ಯಾರನ್ನು ಕೇಳಬೇಕು

ಪ್ರಶ್ನೆ: ನಾನು ಎರಡು ವರ್ಷಗಳಿಂದ ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ ನೆಲೆಸಿದ್ದೇನೆ. ನಗರದಲ್ಲಿರುವ ಕೆಲಸಕ್ಕೆ ಹೋಗಿಬರಲು ನಮಗಿರುವುದು ಒಂಟಿ ಹಳಿಯ ಒಂದು ಶಾಖಾ ಮಾರ್ಗ. ಹಗಲಿನಲ್ಲಿ ಎರಡು ಗಂಟೆಗೊಂದು ಗಾಡಿ ಬರುತ್ತದೆ, ಸಂಜೆ ಏಳರ ನಂತರ ಒಂದೂ ಇಲ್ಲ, ಇರುವುದೂ ಆಗಾಗ ರದ್ದಾಗುತ್ತದೆ. ಇಲ್ಲಿನ ರೈಲು ಬಳಕೆದಾರರ ಸಂಘದವರು ನನ್ನನ್ನು ಸದಸ್ಯನಾಗಲು ಕರೆದಿದ್ದಾರೆ. ಹತ್ತಿಪ್ಪತ್ತು ಸ್ವಯಂಸೇವಕರ ಇಂಥ ಸಂಘದಿಂದ ನಿಜವಾಗಿಯೂ ಏನಾದರೂ ಆಗುತ್ತದೆಯೇ? ಆಗುವುದಾದರೆ ಸಂಘ ಮೊದಲು ಏನನ್ನು ಕೇಳಬೇಕು?

ಉತ್ತರ: ಖಂಡಿತ ಸೇರಿಕೊಳ್ಳಿ. ಇಂಥ ಸಂಘಗಳಿಗೆ ಕಾನೂನಿನಲ್ಲಿ ಯಾವ ಅಧಿಕಾರವೂ ಇಲ್ಲ; ಅವರು ಬರೆದ ಪತ್ರಕ್ಕೆ ರೈಲು ಕಂಪನಿ ಮಣಿಯಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಆದರೂ ಕಳೆದ ಐವತ್ತು ವರ್ಷಗಳಲ್ಲಿ ಬ್ರಿಟನ್ನಿನ ಸ್ಥಳೀಯ ಮಾರ್ಗಗಳಲ್ಲಿ ಉಳಿದುಕೊಂಡದ್ದು, ಮರಳಿ ಬಂದದ್ದು, ಬೆಳೆದದ್ದು ಏನೇನಿದೆಯೋ ಅದರ ಹಿಂದೆ ಹುಡುಕಿದರೆ ಬಹಳ ಕಡೆ ಇಂಥದೇ ಒಂದು ಸಣ್ಣ ಗುಂಪು ಸಿಗುತ್ತದೆ. ನಾನು ಕಂಡಂತೆ, ಗೆದ್ದ ಸಂಘಕ್ಕೂ ದಣಿದು ಕೈಚೆಲ್ಲಿದ ಸಂಘಕ್ಕೂ ಸದಸ್ಯರ ಸಂಖ್ಯೆಯಲ್ಲಿ ಅಂಥ ವ್ಯತ್ಯಾಸವೇನೂ ಇರುವುದಿಲ್ಲ. ಗೆದ್ದವರು ತಮ್ಮ ಮಾರ್ಗದ ವೇಳಾಪಟ್ಟಿಯನ್ನು ಅದನ್ನು ಸಿದ್ಧಪಡಿಸುವವರಷ್ಟೇ ಚೆನ್ನಾಗಿ ಓದಿಕೊಂಡಿರುತ್ತಾರೆ. ಆದ್ದರಿಂದಲೇ ಯಾರಾದರೂ ಒಬ್ಬ ನಿರ್ದಿಷ್ಟ ಅಧಿಕಾರಿ ತನ್ನ ಅಧಿಕಾರದ ಮಿತಿಯೊಳಗೇ ‘ಆಗಲಿ’ ಎನ್ನಬಹುದಾದಂಥ ಬೇಡಿಕೆಯನ್ನು ಮುಂದಿಡುತ್ತಾರೆ. ‘ನಮ್ಮ ಸೇವೆಯನ್ನು ಸುಧಾರಿಸಿ’ ಎಂಬ ಮನವಿಗೆ ಹಾಗೆನ್ನಬಲ್ಲ ಅಧಿಕಾರಿ ಯಾವ ಕಚೇರಿಯಲ್ಲೂ ಇಲ್ಲ.

ನಿಮ್ಮನ್ನು ಕರೆದಿರುವ ಸಂಘವನ್ನು ಅದರ ಆಸುಪಾಸಿನ ಬೇರೆ ಸಂಸ್ಥೆಗಳೊಂದಿಗೆ ಬೆರೆಸಿಕೊಳ್ಳಬೇಡಿ. ಟ್ರಾನ್ಸ್‌ಪೋರ್ಟ್ ಫೋಕಸ್ ಎಂಬುದು ಪ್ರಯಾಣಿಕರ ಹಿತ ಕಾಯಲೆಂದು ಕಾನೂನೇ ಸ್ಥಾಪಿಸಿದ ಸಂಸ್ಥೆ. ಕಮ್ಯೂನಿಟಿ ರೈಲ್ ಪಾರ್ಟ್‌ನರ್‌ಶಿಪ್‌ಗಳು ಬಹುಮಟ್ಟಿಗೆ ರೈಲು ಕಂಪನಿ ಮತ್ತು ಸ್ಥಳೀಯ ಆಡಳಿತಗಳ ಹಣದಿಂದ ನಡೆಯುತ್ತವೆ. ನಿಲ್ದಾಣದ ಹೂದೋಟ, ಶಾಲಾ ಮಕ್ಕಳ ಪ್ರಯಾಣ, ಮಾರ್ಗದ ಪ್ರಚಾರ ಮುಂತಾದ ಒಳ್ಳೆಯ ಕೆಲಸಗಳನ್ನು ಮಾಡುತ್ತವೆ, ಆದರೆ ಹಣ ಕೊಡುವವರನ್ನೇ ಬಹಿರಂಗವಾಗಿ ಪ್ರಶ್ನಿಸುವುದು ಅವುಗಳಿಗೆ ಸುಲಭವಲ್ಲ. ಬಳಕೆದಾರರ ಸಂಘ ಸದಸ್ಯರ ಚಂದಾದಲ್ಲಿ ನಡೆಯುವುದರಿಂದ ಅದಕ್ಕೆ ಆ ಹಂಗಿಲ್ಲ. ಇಂಥ ಅನೇಕ ಸಂಘಗಳು ರೈಲ್‌ಫ್ಯೂಚರ್ ಎಂಬ ದೇಶವ್ಯಾಪಿ ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿಕೊಂಡಿವೆ. ನಿಮ್ಮದು ಇನ್ನೂ ಸೇರಿಲ್ಲವಾದರೆ ಸೇರುವುದು ಒಳಿತು, ಏಕೆಂದರೆ ನಿಮ್ಮ ಸಮಸ್ಯೆಯನ್ನು ಈಗಾಗಲೇ ಎದುರಿಸಿದ ಬೇರೆ ಮಾರ್ಗದವರು ಅಲ್ಲಿ ಸಿಗುತ್ತಾರೆ.

ಇನ್ನು, ಯಾರನ್ನು ಕೇಳಬೇಕು ಎಂಬುದು. ಹಳಿ, ಸಿಗ್ನಲ್ ಮತ್ತು ಸೇತುವೆಗಳು ನೆಟ್‌ವರ್ಕ್ ರೈಲ್‌ನವು. ಗಾಡಿ ಓಡಿಸುವವರು ನಿರ್ವಾಹಕ ಕಂಪನಿಯವರು; ಉತ್ತರ ಇಂಗ್ಲೆಂಡಿನ ಬಹುಪಾಲು ಸ್ಥಳೀಯ ಗಾಡಿಗಳನ್ನು ಓಡಿಸುವ ನಾರ್ದರ್ನ್ 2020ರ ಮಾರ್ಚ್ 1ರಿಂದ ಸರ್ಕಾರದ ಕೈಯಲ್ಲೇ ಇದೆ. ಎಷ್ಟು ಗಾಡಿ ಓಡಬೇಕು, ಅದರ ನಷ್ಟವನ್ನು ಯಾರು ಭರಿಸಬೇಕು ಎಂಬುದು ಸಾರಿಗೆ ಇಲಾಖೆಯ ತೀರ್ಮಾನ. ಉತ್ತರದಲ್ಲಿ ಟ್ರಾನ್ಸ್‌ಪೋರ್ಟ್ ಫಾರ್ ದಿ ನಾರ್ತ್ ಎಂಬ ಪ್ರಾದೇಶಿಕ ಸಾರಿಗೆ ಸಂಸ್ಥೆಯ ಮೂಲಕ ಸ್ಥಳೀಯ ಆಡಳಿತಗಳಿಗೂ ಅದರಲ್ಲಿ ದನಿಯಿದೆ. ಹೀಗಾಗಿ ಬೇಡಿಕೆಗೆ ತಕ್ಕಂತೆ ಬಾಗಿಲು ಬದಲಾಗುತ್ತದೆ. ಜಂಕ್ಷನ್ನಿನಲ್ಲಿ ಮೂರು ನಿಮಿಷದಲ್ಲಿ ಕೈತಪ್ಪುವ ಸಂಪರ್ಕದ ಗಾಡಿಯನ್ನು ಸರಿಹೊಂದಿಸಲು ಅಥವಾ ಕಿಕ್ಕಿರಿಯುವ ಗಾಡಿಗೆ ಇನ್ನೆರಡು ಬೋಗಿ ಸೇರಿಸಲು ಕಂಪನಿಯನ್ನು ಕೇಳಬೇಕು. ಹೊಸದೊಂದು ಗಾಡಿ ಬೇಕಾದರೆ ಕಂಪನಿಯ ಜೊತೆಗೆ ಇಲಾಖೆಯೂ ಒಪ್ಪಬೇಕು. ಹಳಿಯ ಕೆಲಸವೇ ಆಗಬೇಕಾದರೆ ನೆಟ್‌ವರ್ಕ್ ರೈಲ್, ಇಲಾಖೆ, ಸ್ಥಳೀಯ ಆಡಳಿತ ಮೂವರೂ ಬೇಕು, ವರ್ಷಗಳೂ ಬೇಕು. ಹಳಿ ಮತ್ತು ಗಾಡಿ ಎರಡನ್ನೂ ಗ್ರೇಟ್ ಬ್ರಿಟಿಷ್ ರೈಲ್ವೇಸ್ ಎಂಬ ಒಂದೇ ಸಂಸ್ಥೆಯಡಿ ತರುವ ಸರ್ಕಾರದ ಯೋಜನೆ ಪೂರ್ಣವಾಗಿ ಜಾರಿಗೆ ಬಂದರೆ ಈ ಓಡಾಟ ಸ್ವಲ್ಪ ಕಡಿಮೆಯಾದೀತು. ಅಲ್ಲಿಯವರೆಗೆ ಪತ್ರದ ಮೇಲೆ ಸರಿಯಾದ ವಿಳಾಸವಿರುವುದು ಅರ್ಧ ಕೆಲಸ.

ಉಳಿದರ್ಧ, ಯಾವಾಗ ಕೇಳುತ್ತೀರಿ ಎಂಬುದರಲ್ಲಿದೆ. ಬ್ರಿಟನ್ನಿನ ರೈಲು ವೇಳಾಪಟ್ಟಿ ವರ್ಷಕ್ಕೆರಡು ಬಾರಿ, ಮೇ ಮತ್ತು ಡಿಸೆಂಬರಿನಲ್ಲಿ, ಬದಲಾಗುತ್ತದೆ. ಪ್ರತಿ ಬದಲಾವಣೆಗೂ ಸುಮಾರು 40 ವಾರ ಮುಂಚೆಯೇ ಕಂಪನಿಗಳು ತಮಗೆ ಬೇಕಾದ ಗಾಡಿಗಳ ಪಟ್ಟಿಯನ್ನು ನೆಟ್‌ವರ್ಕ್ ರೈಲ್‌ಗೆ ಸಲ್ಲಿಸಿರಬೇಕು, 26 ವಾರ ಮುಂಚೆ ನೆಟ್‌ವರ್ಕ್ ರೈಲ್ ತನ್ನ ಉತ್ತರವನ್ನು ಕೊಟ್ಟಿರುತ್ತದೆ. ಅಂದರೆ ಡಿಸೆಂಬರಿನ ವೇಳಾಪಟ್ಟಿಯ ಅರ್ಜಿ ಮಾರ್ಚ್ ಹೊತ್ತಿಗೆ ಹೋಗಿಬಿಟ್ಟಿರುತ್ತದೆ, ಜೂನ್ ಹೊತ್ತಿಗೆ ಬಹುತೇಕ ಗಟ್ಟಿಯಾಗಿರುತ್ತದೆ. ಎಷ್ಟೋ ಸಂಘಗಳು ಸೆಪ್ಟೆಂಬರಿನಲ್ಲಿ ಕರಡು ಕಂಡು ಸಿಟ್ಟಾಗಿ, ಅಕ್ಟೋಬರಿನಲ್ಲಿ ಸಭೆ ಸೇರಿ, ನವೆಂಬರಿನಲ್ಲಿ ಸಂಸದರಿಗೆ ಬರೆಯುತ್ತವೆ. ಅದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ. ಬರುವ ಡಿಸೆಂಬರಿನ ಗಾಡಿಯ ಮಾತು ಹಿಂದಿನ ವರ್ಷದ ಶರತ್ಕಾಲದಲ್ಲೇ, ಕಂಪನಿಯ ಯೋಜನಾ ವಿಭಾಗದವರ ಕಿವಿಗೆ ಬಿದ್ದಿರಬೇಕು.

ಈಗ ನಿಮ್ಮ ಎರಡು ಗಂಟೆಗೊಂದು ಗಾಡಿಯ ವಿಷಯ. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡಬೇಕು, ಏಕೆಂದರೆ ಒಂಟಿ ಹಳಿಯಲ್ಲಿ ಎಲ್ಲವೂ ನಿಮಿಷಗಳ ಮಾತು. ಜಂಕ್ಷನ್ನಿನಿಂದ ಮಾರ್ಗದ ಕೊನೆಗೆ 26 ನಿಮಿಷದ ಓಟ ಎಂದಿಟ್ಟುಕೊಳ್ಳಿ. ಹೋಗಲು 26, ಕೊನೆಯಲ್ಲಿ ಚಾಲಕ ಈ ತುದಿಯಿಂದ ಆ ತುದಿಗೆ ನಡೆದು ಗಾಡಿಯನ್ನು ತಿರುಗಿ ಹೊರಡಿಸಲು 4, ಬರಲು 26, ಮತ್ತೆ ತಿರುಗಲು 4: ಒಟ್ಟು 60. ಒಂದೇ ಗಾಡಿ, ಒಂದೇ ತಂಡದ ಸಿಬ್ಬಂದಿಯಿಂದ ಗಂಟೆಗೊಂದು ಸೇವೆ ಸರಿಯಾಗಿ ನಡೆಯುತ್ತದೆ. ಅದೇ ಓಟ 34 ನಿಮಿಷದ್ದಾದರೆ ಒಂದು ಸುತ್ತಿಗೆ 76 ನಿಮಿಷ ಹಿಡಿಯುತ್ತದೆ. ಗಂಟೆಗೊಂದು ಗಾಡಿ ಅಸಾಧ್ಯವಾಗುತ್ತದೆ. ಪ್ರತಿ ಗಂಟೆಯ ಅದೇ ನಿಮಿಷಕ್ಕೆ ಗಾಡಿ ಹೊರಟರೆ ಜನರಿಗೂ ನೆನಪಿಡಲು ಸುಲಭ, ಜಂಕ್ಷನ್ನಿನ ದೊಡ್ಡ ಗಾಡಿಗಳಿಗೂ ಹೊಂದುತ್ತದೆ ಎಂಬ ಕಾರಣಕ್ಕೆ ಯೋಜನೆ ಮಾಡುವವರು ಅದನ್ನು 76ಕ್ಕೆ ನಿಲ್ಲಿಸದೆ ನೇರವಾಗಿ 120ಕ್ಕೆ ಒಯ್ಯುತ್ತಾರೆ. ಆಗ ಪ್ರತಿ ಎರಡು ಗಂಟೆಯಲ್ಲಿ 44 ನಿಮಿಷ ಆ ಗಾಡಿ ಸುಮ್ಮನೆ ನಿಂತಿರುತ್ತದೆ.

ಆದ್ದರಿಂದ ನಿಮ್ಮ ಸಂಘದ ಮೊದಲ ಕೆಲಸ ಮನವಿ ಬರೆಯುವುದಲ್ಲ. ಕೈಗಡಿಯಾರ ಹಿಡಿದು ಗಾಡಿ ಹತ್ತುವುದು. ಮಾರ್ಗದ ಕೊನೆಯಲ್ಲಿ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ತಿರುವಿನಲ್ಲಿ, ಯಾವ ಲೆವೆಲ್ ಕ್ರಾಸಿಂಗಿನಲ್ಲಿ ವೇಗ ಇಳಿಯುತ್ತದೆ, ಯಾವ ನಿಲ್ದಾಣದಲ್ಲಿ ವೇಳೆಗಿಂತ ಮುಂಚೆ ಬಂದು ಕಾಯುತ್ತದೆ ಎಂದು ಬರೆದಿಡಿ. ಓಟ 28 ನಿಮಿಷವೆಂದು ಕಂಡುಬಂದರೆ ನೀವು ಕೇಳಬೇಕಾದದ್ದು ಎರಡನೆಯ ಗಾಡಿಯನ್ನಲ್ಲ, ಎರಡು ನಿಮಿಷವನ್ನು. ಅದು ಒಂದು ಲೆವೆಲ್ ಕ್ರಾಸಿಂಗಿನ ವೇಗಮಿತಿ ಏರಿಸಿದರೆ ಸಿಕ್ಕೀತು. 34 ಎಂದು ಕಂಡರೆ ನಡುವೆ ಎದುರುಬದುರಿನ ಗಾಡಿಗಳು ಒಂದನ್ನೊಂದು ದಾಟಲು ಒಂದು ಲೂಪ್, ಅಂದರೆ ಸ್ವಲ್ಪ ದೂರ ಪಕ್ಕದಲ್ಲೇ ಸಾಗುವ ಎರಡನೆಯ ಹಳಿ, ಮತ್ತು ಇನ್ನೊಂದು ಗಾಡಿ ಬೇಕು, ಅದು ಬೇರೆಯೇ ಹೋರಾಟ. ಎರಡರ ಖರ್ಚಿಗೂ ಅಜಗಜಾಂತರ.

ಲೂಪ್ ಕೇಳುವುದು ಅತಿಯಾಸೆ ಎಂದು ಹೆದರಬೇಕಾಗಿಲ್ಲ. ಕಾರ್ನ್‌ವಾಲ್‌ನ ಟ್ರೂರೊ–ಫಾಲ್ಮತ್ ಶಾಖಾ ಮಾರ್ಗದಲ್ಲಿ 2009ರಲ್ಲಿ ಪೆನ್ರಿನ್ ನಿಲ್ದಾಣದ ಬಳಿ ಅಂಥ ಲೂಪ್ ಹಾಕಿದರು. ಖರ್ಚು ಸುಮಾರು 78 ಲಕ್ಷ ಪೌಂಡ್, ಅದರಲ್ಲಿ ದೊಡ್ಡ ಪಾಲು ಕಾರ್ನ್‌ವಾಲ್ ಆಡಳಿತ ಮತ್ತು ಯುರೋಪಿಯನ್ ನಿಧಿಯದು. ಅಲ್ಲಿನ ಜಾಣ್ಮೆ ನೋಡಲು ಸೊಗಸಾಗಿದೆ: ಎರಡನೆಯ ಪ್ಲಾಟ್‌ಫಾರ್ಮ್ ಕಟ್ಟಿದರೆ ಪಾದಚಾರಿ ಸೇತುವೆ, ಲಿಫ್ಟ್ ಎಲ್ಲವೂ ಬೇಕಾಗುತ್ತದೆಂದು ಇದ್ದ ಒಂದೇ ಪ್ಲಾಟ್‌ಫಾರ್ಮನ್ನು ಉದ್ದ ಮಾಡಿ, ಒಂದು ದಿಕ್ಕಿನ ಗಾಡಿ ಅದರ ಒಂದು ತುದಿಯಲ್ಲಿ, ಎದುರಿನದು ಇನ್ನೊಂದು ತುದಿಯಲ್ಲಿ ನಿಲ್ಲುವಂತೆ ಮಾಡಿದರು. ಅರ್ಧ ಗಂಟೆಗೊಂದು ಗಾಡಿ ಬಂತು, ಪ್ರಯಾಣಿಕರೂ ಅದರ ಹಿಂದೆಯೇ ಬಂದರು.

ಸಂಜೆಯ ಗಾಡಿಯ ಸಮಸ್ಯೆಗೆ ಕಾರಣಗಳೇ ಬೇರೆ. ಹಗಲಿಡೀ ಓಡಿದ ಗಾಡಿಯನ್ನು ಇನ್ನೊಂದು ಸಲ ಓಡಿಸಲು ಇಂಧನದ ಖರ್ಚು ದೊಡ್ಡದಲ್ಲ. ಚಾಲಕ ಮತ್ತು ಗಾರ್ಡ್‌ರ ಪಾಳಿ ಎಲ್ಲಿ ಮುಗಿಯುತ್ತದೆ, ಮಾರ್ಗದ ಸಿಗ್ನಲ್ ಕ್ಯಾಬಿನ್ ಎಷ್ಟು ಗಂಟೆಗೆ ಮುಚ್ಚುತ್ತದೆ, ಗಾಡಿ ರಾತ್ರಿ ಯಾವ ಡಿಪೋದಲ್ಲಿ ಮಲಗಬೇಕು ಎಂಬ ಮೂರು ಪ್ರಶ್ನೆಗಳಲ್ಲಿ ಉತ್ತರ ಅಡಗಿರುತ್ತದೆ. ಹಳೆಯ ಸಿಗ್ನಲ್ ಕ್ಯಾಬಿನ್‌ಗಳಿರುವ ಗ್ರಾಮೀಣ ಮಾರ್ಗಗಳಲ್ಲಿ ಸಿಗ್ನಲ್ ಸಿಬ್ಬಂದಿ ಮನೆಗೆ ಹೋದ ಮೇಲೆ ಗಾಡಿ ಓಡುವಂತೆಯೇ ಇಲ್ಲ. ಇಲ್ಲಿಯೂ ನೀವೇ ಪತ್ತೆಮಾಡಬಹುದಾದ ಒಂದು ಸಂಗತಿಯಿದೆ. ನೆಟ್‌ವರ್ಕ್ ರೈಲ್ ಗಾಡಿಗಳ ಓಟದ ಮಾಹಿತಿಯನ್ನು ಮುಕ್ತವಾಗಿ ಒದಗಿಸುತ್ತದೆ. ರಿಯಲ್‌ಟೈಮ್ ಟ್ರೇನ್ಸ್‌ನಂಥ ತಾಣಗಳಲ್ಲಿ ಅದನ್ನು ವಿವರವಾಗಿ ನೋಡಬಹುದು. ಪ್ರತಿ ಗಾಡಿಗೂ ಅಲ್ಲಿ ಅಂಕಿ ಮತ್ತು ಅಕ್ಷರ ಸೇರಿದ ನಾಲ್ಕು ಸ್ಥಾನದ ಒಂದು ಗುರುತು ಇರುತ್ತದೆ. ಅದು 2ರಿಂದ ಶುರುವಾದರೆ ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ಗಾಡಿ, 5ರಿಂದ ಶುರುವಾದರೆ ಜನರಿಲ್ಲದೆ ಖಾಲಿ ಓಡುವ ಗಾಡಿ. ನಿಮ್ಮ ಮಾರ್ಗದಲ್ಲಿ ರಾತ್ರಿ ಎಂಟು ಅಥವಾ ಒಂಬತ್ತಕ್ಕೆ 5ರ ಗಾಡಿಯೊಂದು ಡಿಪೋಗೆ ಮರಳುತ್ತಿದ್ದರೆ ಚಾಲಕನಿದ್ದಾನೆ, ಸಿಗ್ನಲ್ ತೆರೆದಿದೆ, ಹಳಿಯ ಮೇಲೆ ಅದಕ್ಕೆ ಜಾಗವೂ ನಿಗದಿಯಾಗಿದೆ ಎಂದಾಯಿತು. ಅದರ ಬಾಗಿಲು ತೆರೆಯಿರಿ ಎಂದು ಕೇಳುವುದಕ್ಕಿಂತ ಅಗ್ಗದ ಬೇಡಿಕೆ ರೈಲ್ವೆಯಲ್ಲಿ ಇನ್ನೊಂದಿಲ್ಲ. ಗಾರ್ಡ್ ಬೇಕಾಗಬಹುದು, ನಿಲ್ದಾಣಗಳಲ್ಲಿ ನಿಂತು ಹೊರಡಲು ಹತ್ತು ನಿಮಿಷ ಹೆಚ್ಚು ಬೇಕಾಗಬಹುದು. ಆ ಎರಡನ್ನೂ ನಿಮ್ಮ ಪತ್ರದಲ್ಲಿ ನೀವೇ ಮೊದಲು ಎತ್ತಿ ಹೇಳಿ.

ರದ್ದಾಗುವ ಗಾಡಿಗಳ ಬಗ್ಗೆ ಒಂದು ಸಭೆಯ ನೆನಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಥದೊಂದು ಸಂಘದ ಸಂಜೆಯ ಸಭೆಯಲ್ಲಿ ಕುಳಿತಿದ್ದೆ. ಕಂಪನಿಯ ಕಡೆಯಿಂದ ಬಂದವರು ರದ್ದತಿ ಕಡಿಮೆಯಾಗಿದೆ ಎಂದು ಅಂಕಿ ಅಂಶ ಓದಿದರು. ಆಗ ನಿವೃತ್ತ ಶಿಕ್ಷಕಿಯೊಬ್ಬರು ಗೆರೆಯೆಳೆದ ಒಂದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ತಿರುಗಿಸಿದರು: ತಾರೀಖು, ಗಾಡಿ, ಎಷ್ಟು ಬೋಗಿ, ಎಷ್ಟು ಜನ ನಿಂತಿದ್ದರು, ಎಷ್ಟು ನಿಮಿಷ ತಡ, ನಿಲ್ದಾಣದಲ್ಲಿ ಏನೆಂದು ಘೋಷಿಸಿದರು. ಒಂದು ವರ್ಷದ ಪ್ರತಿ ಕೆಲಸದ ದಿನದ ಸಂಜೆಯ ಗಾಡಿ ಅದರಲ್ಲಿತ್ತು. ಬಾರದೇ ಹೋದ ಗಾಡಿಗಳ ಎದುರು ಕೆಂಪು ಶಾಯಿಯ ಗೆರೆ. ಅವುಗಳಲ್ಲಿ ಹಲವು ಕಂಪನಿಯ ಲೆಕ್ಕದಲ್ಲೇ ಇರಲಿಲ್ಲ. ಕಾರಣ ಆಗಿನ ನಿಯಮದಲ್ಲಿತ್ತು: ಹಿಂದಿನ ರಾತ್ರಿ ಹತ್ತು ಗಂಟೆಯೊಳಗೆ ವೇಳಾಪಟ್ಟಿಯಿಂದ ತೆಗೆದುಹಾಕಿದ ಗಾಡಿ ‘ಪಿ-ಕೋಡ್’ ಎಂಬ ಗುರುತು ಪಡೆದು ಅಧಿಕೃತ ರದ್ದತಿಯ ಎಣಿಕೆಗೆ ಬರುತ್ತಿರಲಿಲ್ಲ. ಮರುದಿನ ಪ್ಲಾಟ್‌ಫಾರ್ಮಿಗೆ ಬಂದು ನಿಂತವರಿಗೆ ಮಾತ್ರ ಆ ಗಾಡಿ ಇಲ್ಲವೆಂಬುದು ನಿಜವಾಗಿತ್ತು. ಇಂಥ ಗಾಡಿಗಳ ಲೆಕ್ಕವನ್ನೂ ಪ್ರಕಟಿಸಬೇಕೆಂದು ರೈಲು ನಿಯಂತ್ರಣ ಸಂಸ್ಥೆಯಾದ ಓಆರ್‌ಆರ್ 2023ರಲ್ಲಿ ಕಂಪನಿಗಳಿಗೆ ಸೂಚಿಸಿತು. ಆದರೂ ನೋಟ್‌ಬುಕ್ಕಿನ ಅಗತ್ಯ ಮುಗಿದಿಲ್ಲ, ಏಕೆಂದರೆ ಇಡೀ ಜಾಲದ ಸರಾಸರಿಯೊಳಗೆ ನಿಮ್ಮ ಸಂಜೆಯ ಗಾಡಿ ಕಾಣಿಸುವುದೇ ಇಲ್ಲ.

ಪ್ರಯಾಣಿಕರ ಎಣಿಕೆಯಲ್ಲೂ ಇದೇ ಎಚ್ಚರ ಬೇಕು. ಓಆರ್‌ಆರ್ ಪ್ರತಿವರ್ಷ ಪ್ರತಿ ನಿಲ್ದಾಣದ ಬಳಕೆಯ ಅಂದಾಜನ್ನು ಪ್ರಕಟಿಸುತ್ತದೆ; ಅದು ಮುಖ್ಯವಾಗಿ ಟಿಕೆಟ್ ಮಾರಾಟದಿಂದ ತೆಗೆದ ಅಂದಾಜು. ಟಿಕೆಟ್ ಯಂತ್ರವಿಲ್ಲದ ನಿಲ್ದಾಣದಲ್ಲಿ ಹತ್ತಿ, ಗಿಜಿಗುಡುವ ಗಾಡಿಯಲ್ಲಿ ಗಾರ್ಡ್ ಬಳಿ ಬರದೆ ಇಳಿದವರು ಅದರಲ್ಲಿ ಸೇರುವುದಿಲ್ಲ. ವರ್ಷಕ್ಕೆ ಎರಡು ವಾರ, ಒಂದು ಶಾಲೆ ನಡೆಯುವ ದಿನಗಳಲ್ಲಿ, ಒಂದು ರಜೆಯಲ್ಲಿ, ಸದಸ್ಯರು ಸರದಿಯ ಮೇಲೆ ನಿಂತು ಹತ್ತುವವರನ್ನೂ ಇಳಿಯುವವರನ್ನೂ ಎಣಿಸಿದರೆ ನಿಮ್ಮ ಅಂಕಿಗೆ ತೂಕ ಬರುತ್ತದೆ. ಆದರೆ ಪ್ಲಾಟ್‌ಫಾರ್ಮಿನ ಮೇಲಿರುವವರನ್ನಷ್ಟೇ ಕೇಳಬೇಡಿ. ಗಾಡಿ ಇಲ್ಲದ ಕಾರಣಕ್ಕೇ ರೈಲು ಬಿಟ್ಟವರು ಅಲ್ಲಿ ಸಿಗುವುದಿಲ್ಲ. ಆಸ್ಪತ್ರೆಯ ಸಂಜೆ ಪಾಳಿಯ ದಾದಿ, ಕಾಲೇಜಿನ ಕೊನೆಯ ತರಗತಿ ತಪ್ಪಿಸಿಕೊಂಡು ಏಳರ ಗಾಡಿಗೆ ಓಡುವ ಹುಡುಗ, ಕಾರು ಕೊಳ್ಳಲಾಗದೆ ಕೆಲಸವನ್ನೇ ಬಿಟ್ಟವರು, ಇವರ ಮಾತು ಅವರಿರುವಲ್ಲಿಗೇ ಹೋಗಿ ಕೇಳಿದರೆ ಮಾತ್ರ ಸಿಗುತ್ತದೆ.

ಜನರ ‘ಕಷ್ಟ’ಕ್ಕೆ ಬೆಲೆಯಿದೆ ಎಂಬುದನ್ನು ಈ ದೇಶದ ರೈಲ್ವೆ ಇತಿಹಾಸ ತೋರಿಸಿಕೊಟ್ಟಿದೆ. ರೈಲ್ವೆ ಮಂಡಳಿಯ ಅಧ್ಯಕ್ಷರಾಗಿದ್ದ ಬೀಚಿಂಗ್ ಅವರ 1963ರ ವರದಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಲು ಶಿಫಾರಸು ಮಾಡಿದಾಗ ಪ್ರಯಾಣಿಕರ ಸಮಿತಿಗಳು ಪರಿಗಣಿಸಬಹುದಾಗಿದ್ದದ್ದು ಜನರಿಗಾಗುವ ಕಷ್ಟವನ್ನಷ್ಟೇ. ಹಣದ ಲೆಕ್ಕವನ್ನು ಪ್ರಶ್ನಿಸಲು ಅವಕಾಶವಿರಲಿಲ್ಲ. ಎಂಬತ್ತರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್ ಮಾರ್ಗವನ್ನು ಮುಚ್ಚಲು ಹೊರಟಾಗ 22,000ಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. ಅವುಗಳಲ್ಲಿ ಟಿಕೆಟ್ ಕೊಂಡು ಪ್ರಯಾಣಿಸುತ್ತಿದ್ದ ಒಂದು ನಾಯಿಯ ಪಾದದ ಗುರುತೂ ಸೇರಿತ್ತು, ಅದರ ಪ್ರತಿಮೆ ಇಂದಿಗೂ ಗಾರ್ಸ್‌ಡೇಲ್ ನಿಲ್ದಾಣದಲ್ಲಿದೆ. ಆದರೆ ಹೋರಾಟಗಾರರು ಆಕ್ಷೇಪಣೆಗೇ ನಿಲ್ಲಲಿಲ್ಲ. ದಿನಕ್ಕೆ ಎರಡೇ ಗಾಡಿ ಓಡುತ್ತಿದ್ದ ಆ ಮಾರ್ಗದಲ್ಲಿ 1986ರಲ್ಲಿ ಎಂಟು ಸಣ್ಣ ನಿಲ್ದಾಣಗಳು ಮತ್ತೆ ತೆರೆದವು, ಪ್ರಯಾಣಿಕರು ಹಲವು ಪಟ್ಟು ಹೆಚ್ಚಿದರು, 24 ಕಮಾನುಗಳ ರಿಬಲ್‌ಹೆಡ್ ಸೇತುವೆಯ ದುರಸ್ತಿಗೆ ಹೇಳಿದ್ದಷ್ಟು ಹಣ ಬೇಕಿಲ್ಲವೆಂಬುದೂ ತಿಳಿಯಿತು. 1989ರ ಏಪ್ರಿಲ್ 11ರಂದು ಸರ್ಕಾರ ಮುಚ್ಚುವ ಪ್ರಸ್ತಾವವನ್ನು ತಿರಸ್ಕರಿಸಿತು. ಇತ್ತೀಚೆಗೆ, 2023ರಲ್ಲಿ, ಇಂಗ್ಲೆಂಡಿನ ನಿಲ್ದಾಣಗಳ ಟಿಕೆಟ್ ಕಚೇರಿಗಳನ್ನು ಮುಚ್ಚುವ ಪ್ರಸ್ತಾವಕ್ಕೂ ಸುಮಾರು 7.5 ಲಕ್ಷ ಅಭಿಪ್ರಾಯಗಳು ಬಂದು ಅದೇ ವರ್ಷದ ಅಕ್ಟೋಬರ್ 31ರಂದು ಅದು ರದ್ದಾಯಿತು.

ಸಣ್ಣದಾಗಿ ಸಿಕ್ಕಿದ್ದನ್ನು ಮೊದಲು ಸ್ವೀಕರಿಸುವುದು ಸರಿಯೇ ಎಂದು ಸಂಘಗಳಲ್ಲಿ ಜಗಳವೇ ಆಗುತ್ತದೆ. ಗಾಡಿಗಳ ವಿಷಯದಲ್ಲಿ ಸ್ವೀಕರಿಸಿ ಎನ್ನುತ್ತೇನೆ. ಡೆವನ್‌ನ ಓಕ್‌ಹ್ಯಾಂಪ್ಟನ್‌ಗೆ 1972ರಲ್ಲಿ ನಿಂತುಹೋಗಿದ್ದ ದೈನಂದಿನ ಸೇವೆ 2021ರ ನವೆಂಬರ್ 20ರಂದು ಮರಳಿದಾಗ ಎರಡು ಗಂಟೆಗೊಂದೇ ಗಾಡಿಯಿತ್ತು. ಜನ ತುಂಬಿದ್ದರಿಂದ ಮುಂದಿನ ಮೇ ತಿಂಗಳಿಗೆ ಅದು ಗಂಟೆಗೊಂದಾಯಿತು. ಹಳಿ ಮತ್ತು ಸೇತುವೆಯ ವಿಷಯದಲ್ಲಿ ಮಾತ್ರ ಹಾಗೆ ಒಪ್ಪಬೇಡಿ. ಎಡಿನ್‌ಬರೊದಿಂದ ಟ್ವೀಡ್‌ಬ್ಯಾಂಕ್‌ವರೆಗಿನ ಬಾರ್ಡರ್ಸ್ ಮಾರ್ಗ, 1969ರಲ್ಲಿ ಮುಚ್ಚಿದ್ದು, ಹಲವು ವರ್ಷಗಳ ಜನಹೋರಾಟದ ನಂತರ 2015ರ ಸೆಪ್ಟೆಂಬರಿನಲ್ಲಿ ತೆರೆಯಿತು. ಆದರೆ ಹಣ ಉಳಿಸಲೆಂದು ಬಹುಭಾಗ ಒಂಟಿ ಹಳಿಯನ್ನೇ ಹಾಕಿ, ಕೆಲವು ಹೊಸ ಸೇತುವೆಗಳನ್ನೂ ಒಂಟಿ ಹಳಿಯ ಅಗಲಕ್ಕೇ ಕಟ್ಟಿದರು. ಒಂದು ಗಾಡಿ ತಡವಾದರೆ ಎದುರಿನದು ಕಾಯಲೇಬೇಕು, ಸೇವೆ ಹೆಚ್ಚಿಸಲು ಹೊರಟರೆ ಆ ಸೇತುವೆಗಳೇ ಅಡ್ಡ ಬರುತ್ತವೆ. ಗಾಡಿಯನ್ನು ಮುಂದಿನ ಯಾವುದಾದರೂ ವೇಳಾಪಟ್ಟಿಯಲ್ಲಿ ಸೇರಿಸಬಹುದು. ಕಿರಿದಾಗಿ ಕಟ್ಟಿದ ಸೇತುವೆ ನೂರು ವರ್ಷ ಕಿರಿದಾಗಿಯೇ ಇರುತ್ತದೆ.

ನಿಮ್ಮ ಊರಿಗೆ ಹೆಚ್ಚು ಹೊಂದುವ ಉದಾಹರಣೆ ಸೌತ್ ಈಸ್ಟ್ ನಾರ್ಥಂಬರ್‌ಲ್ಯಾಂಡ್ ರೈಲ್ ಯೂಸರ್ ಗ್ರೂಪ್‌ನದು. ಆ್ಯಶಿಂಗ್ಟನ್‌ನಿಂದ ನ್ಯೂಕಾಸಲ್‌ಗೆ ಪ್ಯಾಸೆಂಜರ್ ಗಾಡಿಗಳು 1964ರಲ್ಲಿ ನಿಂತಿದ್ದವು. ಸರಕು ಗಾಡಿಗಳು ಓಡುತ್ತಿದ್ದುದರಿಂದ ಹಳಿ ಮಾತ್ರ ಉಳಿದಿತ್ತು. ಆ ಸಂಘದವರು ಇರುವ ಹಳಿಯನ್ನೇ ತೋರಿಸಿ, ಸ್ಥಳೀಯ ಆಡಳಿತವನ್ನು ಜೊತೆಗೆ ಕರೆದುಕೊಂಡು, ಸರ್ಕಾರಗಳು ಬದಲಾದರೂ ಅದೇ ಒಂದು ಮಾರ್ಗದ ಮಾತನ್ನು ವರ್ಷಗಟ್ಟಲೆ ಬಿಡದೆ ಆಡಿದರು. 2024ರ ಡಿಸೆಂಬರ್ 15ರಂದು ಗಾಡಿ ಹೊರಟಿತು.

ಇದಕ್ಕೆ ವಿರುದ್ಧವಾದ ಚಿತ್ರ ಮ್ಯಾಂಚೆಸ್ಟರ್ ಸಮೀಪದ ಡೆಂಟನ್ ನಿಲ್ದಾಣದ್ದು. ಮಾರ್ಗವನ್ನು ಮುಚ್ಚಬೇಕಾದರೆ ಕಾನೂನಿನ ದೀರ್ಘ ವಿಧಿಗಳನ್ನು ಅನುಸರಿಸಬೇಕು. ಅದರ ಬದಲು ವಾರಕ್ಕೊಂದು ಗಾಡಿ ಓಡಿಸಿದರೆ ಮಾರ್ಗ ತೆರೆದೇ ಇದೆ ಎಂದಾಗುತ್ತದೆ. ಡೆಂಟನ್ ವರ್ಷಾನುಗಟ್ಟಲೆ ಅಂಥ ವಾರಕ್ಕೊಂದು ಗಾಡಿಯಲ್ಲೇ ಜೀವ ಹಿಡಿದುಕೊಂಡಿದೆ. ಅಲ್ಲಿನ ನಿಲ್ದಾಣದ ಗೆಳೆಯರ ಬಳಗ ಅದನ್ನು ಜನರ ನೆನಪಿನಲ್ಲಿ ಉಳಿಸಿಕೊಂಡು ಬಂದಿರುವುದಕ್ಕೆ ನನಗೆ ಅಪಾರ ಗೌರವವಿದೆ. ಕಾನೂನು ನಿಲ್ದಾಣವನ್ನು ಕಾಯುತ್ತದೆ, ಸೇವೆಯನ್ನು ಕಾಯುವುದಿಲ್ಲ ಎಂಬುದು ಮಾತ್ರ ನಿಮ್ಮ ಸಂಘದ ಗಮನದಲ್ಲಿರಲಿ; ಎರಡು ಗಂಟೆಗೊಂದು ಗಾಡಿ ಮೂರು ಗಂಟೆಗೊಂದಾಗುವುದನ್ನು ತಡೆಯುವ ಯಾವ ವಿಚಾರಣೆಯೂ ತಾನಾಗಿ ನಡೆಯುವುದಿಲ್ಲ.

ಸಂಘದೊಳಗಿನ ಒಂದು ಬಿರುಕಿನ ಬಗ್ಗೆಯೂ ಹೇಳಬೇಕು. ಕೊನೆಯ ನಿಲ್ದಾಣದವರಿಗೆ ನಗರಕ್ಕೆ ಬೇಗ ತಲುಪಬೇಕು. ನಡುವಿನ ಸಣ್ಣ ನಿಲ್ದಾಣ ಬಿಟ್ಟು ಓಡಿಸಿ, ನಾಲ್ಕು ನಿಮಿಷ ಉಳಿಯುತ್ತದೆ ಎಂಬ ಸಲಹೆ ಬಂದೇ ಬರುತ್ತದೆ. ಒಂಟಿ ಹಳಿಯ ಲೆಕ್ಕದಲ್ಲಿ ಆ ನಾಲ್ಕು ನಿಮಿಷದ ಆಕರ್ಷಣೆ ದೊಡ್ಡದು. ಆದರೂ ಸಂಘ ತಾನಾಗಿ ಅದನ್ನು ಕೇಳಬಾರದೆಂಬುದು ನನ್ನ ದೃಢ ಅಭಿಪ್ರಾಯ. ಮಾರ್ಗದ ಒಂದು ನಿಲ್ದಾಣದವರನ್ನು ಬಿಟ್ಟುಕೊಟ್ಟ ಸಂಘದ ಮಾತನ್ನು ಮುಂದೆ ಇಡೀ ಮಾರ್ಗದ ಮಾತೆಂದು ಯಾರೂ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಮೊದಲ ವರ್ಷ ಏನು ಮಾಡಬೇಕು? ಈ ಚಳಿಗಾಲದಲ್ಲಿ ಓಟದ ನಿಮಿಷಗಳನ್ನು ಅಳೆಯಿರಿ, ರಾತ್ರಿಯ 5ರ ಗಾಡಿ ಇದೆಯೇ ನೋಡಿ, ಸಂಜೆಯ ಗಾಡಿಗೊಂದು ನೋಟ್‌ಬುಕ್ ತೆರೆಯಿರಿ. ವಸಂತದಲ್ಲಿ ಒಂದು ವಾರ ಎಣಿಕೆ ಮಾಡಿ, ಕಾಲೇಜಿಗೂ ಆಸ್ಪತ್ರೆಗೂ ಹೋಗಿ ಬನ್ನಿ. ಬೇಸಿಗೆಯ ಕೊನೆಗೆ ಕಂಪನಿಯ ಯೋಜನಾ ವಿಭಾಗಕ್ಕೆ ಎರಡು ಪುಟ ಮೀರದ ಪತ್ರ ಬರೆಯಿರಿ. ಅದರಲ್ಲಿ ಒಂದೇ ಬೇಡಿಕೆ ಇರಲಿ, ಅದು ಸಂಜೆಯ ಗಾಡಿಯದಾಗಿರಲಿ. ಅದು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊರಡಬೇಕು, ಯಾವ ಗಾಡಿ, ಯಾವ ಪಾಳಿಯ ಸಿಬ್ಬಂದಿ, ಯಾರು ಹತ್ತುತ್ತಾರೆ ಎಂದು ಬರೆದು, ಅದರ ಪ್ರತಿಯನ್ನು ಸ್ಥಳೀಯ ಆಡಳಿತದ ಸಾರಿಗೆ ಅಧಿಕಾರಿಗೂ ಸಂಸದರಿಗೂ ಕಳುಹಿಸಿ. ಗಂಟೆಗೊಂದು ಗಾಡಿಯ ಪತ್ರವನ್ನು ನೀವು ಅಳೆದ ನಿಮಿಷಗಳ ಜೊತೆ ಬೇರೆ ಲಕೋಟೆಯಲ್ಲಿಟ್ಟುಕೊಂಡು ಸಿದ್ಧರಾಗಿರಿ. ಸಂಜೆಯ ಗಾಡಿಯ ಬಗ್ಗೆ ಅವರು ಮಾತುಕತೆಗೆ ಕರೆದ ದಿನ ಅದನ್ನೂ ಕೈಯಲ್ಲಿ ಹಿಡಿದು ಹೋಗಿ.